ಹಳ್ಳದಾಚೆಯ ಹುಲ್ಲು

ಇದನ್ನ ಯಾರಿಗೂ ಹೇಳ್ಬಾರ್ದು ಅಂತ ತಾತ ಹೇಳಿದ್ರು. ಒಂದ್ಸಲ ಅಲ್ಲ, ಎರಡು ಸಲ. ನಾನು ಹ್ಞೂಂ ಅಂತ ತಲೆ ಆಡಿಸಿದ್ದೆ. ಆದ್ರೂ ಈಗ ಹೇಳ್ತಿದ್ದೀನಿ. ಕತೆ ಓದೋದು ಗೊತ್ತೇ ಹೊರತು ಹೇಳಿ ಅಭ್ಯಾಸ ಇಲ್ಲ ನಂಗೆ. ಎಲ್ಲಾದ್ರೂ ಹಿಂದೆ ಮುಂದೆ ಆದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮ ತಾತ ತತ್ವಪದ ಹೇಳಿಕೊಡ್ತಾರೆ. ಸೋಮವಾರ ಸೋಮವಾರ ನಾಲ್ಕೈದು ಜನ ಬರ್ತಾರೆ. ಅವತ್ತು ಎಲ್ಲರೂ ಎದ್ದು ಹೋದ್ಮೇಲೂ ಒಬ್ಬ ಶಿಷ್ಯರು ಮಾತ್ರ ಕೂತೇ ಇದ್ರು. ಅವರ ಹೆಸರು ಬೇಡ. ನಾನು ಮೂಲೇಲಿ ಕೂತು ಪದಗಳನ್ನ ನೋಟ್‌ಬುಕ್ಕಿಗೆ ಬರ್ಕೊಳ್ತಿದ್ದೆ. ನಾನಿರೋದು ಅವರಿಗೆ ಮರೆತೇ ಹೋಗಿತ್ತು ಅನ್ಸುತ್ತೆ.

ಅವರು ಕೇಳಿದ್ರು: "ಗುರುಗಳೇ, ನನ್ನಿಂದ ಒಬ್ಬರಿಗೆ ಅನ್ಯಾಯ ಆಗಿದೆ. ನನ್ನಿಂದ ಅಂತ ಅವರಿಗೆ ಗೊತ್ತಿಲ್ಲ. ಹೋದದ್ದಕ್ಕೆ ಎರಡರಷ್ಟು ಮಾಡಿಕೊಟ್ಟಿದ್ದೀನಿ. ಇನ್ನೂ ಬಾಯಿಬಿಟ್ಟು ಹೇಳ್ಲೇಬೇಕಾ?"

ತಾತ ತಂಬೂರಿಯನ್ನ ಗೋಡೆಗೆ ಒರಗಿಸಿ ಈ ಕತೆ ಹೇಳಿದ್ರು.

ಒಂದು ಬೆಟ್ಟ. ಬೆಟ್ಟದ ಬುಡದಲ್ಲಿ ಮೂವತ್ತು ಮನೆಯ ಊರು. ಊರಿಗೂ ಬೆಟ್ಟಕ್ಕೂ ನಡುವೆ ಒಂದೇ ಒಂದು ಮನೆ. ಅದರಲ್ಲಿ ಗುರುಮಲ್ಲ, ಚೆನ್ನಾಜಿ ಅಂತ ಗಂಡ ಹೆಂಡತಿ ಇದ್ರು. ಹುಲ್ಲು ಕೊಯ್ದು, ಪೊರಕೆ ಕಟ್ಟಿ ಮಾರೋರು. ಮಕ್ಕಳಿರಲಿಲ್ಲ, ಎರಡು ಆಡು ಇದ್ವು. ಮನೆ ಹಿಂದೆ ಒಂದು ಒಣಗಿದ ಹಳ್ಳ, ಬರೀ ಬಂಡೆ. ಹಳ್ಳದಾಚೆ ಹುಲ್ಲಿನ ಇಳಿಜಾರು. ಪೊರಕೆಗೆ ಬೇಕಾದ ಹುಲ್ಲು ಅಲ್ಲಿ ಸಿಗ್ತಿತ್ತು.

ಒಂದು ಬೇಸಿಗೇಲಿ ಇಬ್ಬರೂ ಪೊರಕೆ ಹೊತ್ಕೊಂಡು ದೂರದ ಸಂತೆಗೆ ಹೋದ್ರು. ಬರೋದು ಮಾರನೇ ದಿನ. ಅವತ್ತೇ ಬೆಟ್ಟಕ್ಕೆ ಬೆಂಕಿ ಬಿತ್ತು. ಗಾಳಿ ಊರ ಕಡೆಗೇ ಬೀಸ್ತಿತ್ತು, ಕಿಡಿ ಹಳ್ಳ ಹಾರಿ ಬರೋ ಹಾಗಿತ್ತು. ಜನ ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಊರ ಮುಂದೆ ನಿಂತ್ರು. ಊರಿನ ಯಜಮಾನನಿಗೆ ಹಳಬರ ಒಂದು ಉಪಾಯ ಗೊತ್ತಿತ್ತು. ಬೆಂಕಿ ಬರೋದಕ್ಕೆ ಮುಂಚೆ ನಾವೇ ಈ ಕಡೆಯಿಂದ ಹುಲ್ಲು ಸುಟ್ಟುಬಿಟ್ರೆ, ಬಂದ ಬೆಂಕಿಗೆ ತಿನ್ನೋಕೆ ಏನೂ ಇರಲ್ಲ.

"ಯಜಮಾನ್ರೇ, ನಡುವೆ ಗುರುಮಲ್ಲನ ಮನೆ ಇದೆಯಲ್ಲ?" ಅಂದ ಒಬ್ಬ.

"ಮೂವತ್ತು ಮನೆ ಉಳೀಬೇಕೋ, ಒಂದೋ? ನೀನೇ ಹೇಳು."

ಕೇಳಿದವನು ಹಿಂದಕ್ಕೆ ಸರಿದ. ಯಜಮಾನನೇ ಕಡ್ಡಿ ಗೀರಿದ. ಆ ಬೆಂಕಿ ಹುಲ್ಲು ತಿಂದು, ಮನೆ ತಿಂದು, ಹಳ್ಳದ ಬಂಡೆ ಹತ್ರ ಹೋಗಿ ನಿಂತಿತು.

ಅಷ್ಟೊತ್ತಿಗೆ ಗಾಳಿ ತಿರುಗಿತು. ಬೆಟ್ಟದ ಬೆಂಕಿ ಆಚೆ ಮಗ್ಗುಲಿಗೆ ಹೊರಟುಹೋಯ್ತು. ಹಳ್ಳದ ತನಕ ಬರಲೇ ಇಲ್ಲ. ಹಳ್ಳದಾಚೆ ಹುಲ್ಲು ಹೇಗಿತ್ತೋ ಹಾಗೇ ನಿಂತಿತ್ತು. ಈಚೆ ಮನೆ ಬೂದಿಯಾಗಿತ್ತು. ಆಡುಗಳು ಗೂಟದ ಹತ್ರಾನೇ ಸತ್ತಿದ್ವು.

ಎಲ್ಲರೂ ಆ ಹುಲ್ಲಿನ ಕಡೆ ನೋಡಿದ್ರು. ಬೆಂಕಿ ಬೆಟ್ಟದಿಂದ ಇಳಿದು ಬಂದಿದ್ರೆ ಆ ಹುಲ್ಲು ಉಳೀತಿತ್ತಾ? ನಾಳೆ ಗುರುಮಲ್ಲ ಬಂದು ನೋಡಿದ್ರೆ ಸಾಕಿತ್ತು, ಎಲ್ಲಾ ಗೊತ್ತಾಗಿಬಿಡ್ತಿತ್ತು.

"ಅದನ್ನೂ ಸುಟ್ಟುಬಿಡೋಣ್ವಾ?" ಅಂದ ಒಬ್ಬ. ಆದ್ರೆ ಅವತ್ತು ಇನ್ನೊಂದು ಸಲ ಕಡ್ಡಿ ಗೀರೋಕೆ ಯಾರಿಗೂ ಧೈರ್ಯ ಬರಲಿಲ್ಲ.

"ಕೊಯ್ದುಬಿಡಿ," ಅಂದ ಯಜಮಾನ. "ಹೇಗೂ ಅವರಿಗೆ ಮನೆ ಕಟ್ಟಿಕೊಡಬೇಕು. ಸೂರಿಗೆ ಆಗುತ್ತೆ."

ಸಂಜೆಯೊಳಗೆ ಇಳಿಜಾರು ಬೋಳಾಯ್ತು. ಕೊಯ್ದ ಬುಡದ ಮೇಲೆ ಬೂದಿ ಎರಚಿದ್ರು.

ಮಾರನೇ ದಿನ ಇಬ್ಬರೂ ಬಂದ್ರು. ಗುರುಮಲ್ಲ ಬೂದಿ ಮುಂದೆ ಕುಸಿದು ಕೂತ. ಚೆನ್ನಾಜಿ ನೆಟ್ಟಗೆ ಗೂಟದ ಹತ್ರ ಹೋದಳು. ಅಲ್ಲಿಂದಲೇ ಕೇಳಿದಳು: "ಯಜಮಾನ್ರೇ, ಇವುಗಳ ಹಗ್ಗ ಬಿಚ್ಚೋಕೂ ಹೊತ್ತು ಸಿಗ್ಲಿಲ್ವಾ?"

"ಎಲ್ಲಿ ಸಿಕ್ತು ತಾಯಿ. ಬೆಟ್ಟದಿಂದ ಇಳೀತು ನೋಡು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲಾ ಮುಗಿದುಹೋಯ್ತು."

ಜನ ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಊರು ಆ ಮನೆ ಕಟ್ಟೋಕೆ ನಿಂತ ಹಾಗೆ ತನ್ನ ಮನೆಗೂ ನಿಂತಿರಲಿಲ್ಲ. ಹೆಂಗಸರು ಮಣ್ಣು ಕಲಸಿದ್ರು. ಯಜಮಾನ ತನ್ನ ಅಟ್ಟಕ್ಕೆ ಅಂತ ಇಟ್ಕೊಂಡಿದ್ದ ತೊಲೆ ಕೊಟ್ಟ. ಒಬ್ಬರು ಪಾತ್ರೆ ಕೊಟ್ರು, ಇನ್ನೊಬ್ಬರು ಎರಡು ಗಬ್ಬದ ಆಡು ಕೊಟ್ರು. "ನಮ್ಮಂಥೋರಿಗೆ ಯಾರು ಇಷ್ಟು ಮಾಡ್ತಾರೆ" ಅಂತ ಗುರುಮಲ್ಲ ಸಿಕ್ಕಿದವರ ಕಾಲಿಗೆಲ್ಲ ಬೀಳೋಕೆ ಹೋಗ್ತಿದ್ದ. ಅವನು ಹಾಗೆ ಬಗ್ಗಿದಾಗೆಲ್ಲ ಜನ ಇನ್ನೊಂದು ಏನಾದ್ರೂ ತಂದು ಕೊಡ್ತಿದ್ರು.

ಸೂರು ಹೊದಿಸೋ ದಿನ ಬಂತು. ಚೆನ್ನಾಜಿ ಏಣಿ ಹತ್ತಿ ಹುಲ್ಲು ಕಟ್ಟೋಕೆ ಕೂತಳು. ಅವಳಷ್ಟು ಬಿಗಿಯಾಗಿ ಕಟ್ಟೋರು ಊರಲ್ಲಿ ಇರಲಿಲ್ಲ.

"ಹುಷಾರು ಕಣಮ್ಮ," ಅಂದ ಕೆಳಗಿದ್ದ ಮುದುಕ, "ನೀನು ಕಟ್ಟಿದ ಸೂರು ರಾತ್ರಿ ಇಳಿದು ಬಂದು ಅಂಗಳ ಗುಡಿಸೀತು."

ಎಲ್ಲರೂ ನಕ್ಕರು. ಚೆನ್ನಾಜಿನೂ ನಕ್ಕಳು. ಮನೆ ಹೋದ್ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆಮೇಲೆ ಅವಳ ಕೈ ನಿಂತಿತು. ಒಂದು ಕಡ್ಡಿ ಎಳೆದು ಬಗ್ಗಿಸಿ ನೋಡಿದಳು. ಬುಡ ಕಚ್ಚಿ ನೋಡಿದಳು. ಹಳ್ಳದಾಚೆ ಬಂಡೆ ಸಂದೀಲಿ ಬೆಳೆದ ಹುಲ್ಲಿನ ಬುಡ ಕೆಂಪಗಿರುತ್ತೆ, ಎಷ್ಟು ಬಗ್ಗಿಸಿದ್ರೂ ಮುರಿಯಲ್ಲ. ಇಪ್ಪತ್ತು ವರ್ಷ ಅದನ್ನೇ ಕೊಯ್ದ ಕೈ ಅದು. ಬೇರೆಯವರಿಗೆ ಹುಲ್ಲು ಅಂದ್ರೆ ಹುಲ್ಲು. ಅವಳಿಗೆ ಗುರುತು ಸಿಗುತ್ತೆ ಅನ್ನೋದನ್ನ ಊರಿನವರು ಮರೆತಿದ್ರು.

"ಈ ಹುಲ್ಲು ಎಲ್ಲೀದು ಯಜಮಾನ್ರೇ?"

"ಪಕ್ಕದ ಊರಿಂದು ತಾಯಿ. ಗಾಡಿ ಕಟ್ಟಿ ತರಿಸಿದ್ವಿ."

ಅವಳು ಮೇಲಿಂದ ಅವನನ್ನೇ ನೋಡ್ತಾ ಇದ್ದಳು. ಅವನು ಆಗಲೇ ನಿಜ ಹೇಳಬಹುದಿತ್ತು. "ಯಾಕೆ, ಚೆನ್ನಾಗಿಲ್ವಾ?" ಅಂತ ಕೇಳಿದ.

"ಚೆನ್ನಾಗಿದೆ," ಅಂದಳು.

ಏಣಿ ಇಳಿದು ಒಬ್ಬಳೇ ಹಳ್ಳ ದಾಟಿ ಹೋದಳು. ಕೂತು ಕೈಯಿಂದ ಬೂದಿ ಸರಿಸಿದಳು. ಕೆಳಗೆ ಕುಡುಗೋಲಿಂದ ಕೊಯ್ದ ಬುಡ ಇತ್ತು, ಸುಟ್ಟಿರಲಿಲ್ಲ. ವಾಪಸ್ ಬಂದು ಏಣಿ ಹತ್ತಿದಳು. ಉಳಿದ ಸೂರು ಕಟ್ಟಿ ಮುಗಿಸಿದಳು. ಒಂದು ಕಡೇನೂ ಸಡಿಲ ಬಿಡಲಿಲ್ಲ.

ಮನೆ ಒಕ್ಕಲಿಗೆ ಇಡೀ ಊರು ಬಂತು. ಹೊಸ ಒಲೆ ಮೇಲೆ ಹಾಲು ಉಕ್ಕಿತು. ಚೆನ್ನಾಜಿ ಎಲ್ಲರಿಗೂ ಹಂಚಿದಳು, ಯಜಮಾನನಿಗೂ. ಜನ ಹೋದ್ಮೇಲೆ ಹಳ್ಳದಾಚೆ ಕಂಡದ್ದನ್ನ ಗಂಡನಿಗೆ ಹೇಳಿದಳು. ಬಾಗಿಲು ಹಾಕಿದಳು.

ಮಾರನೇ ಬೆಳಿಗ್ಗೆ ನೋಡಿದ್ರೆ ಎರಡು ಆಡನ್ನೂ ಕೊಟ್ಟವರ ಬೇಲಿಗೇ ಕಟ್ಟಿಹಾಕಿದ್ರು. ಪಾತ್ರೆಗಳು ಬಾವಿಕಟ್ಟೆ ಮೇಲಿದ್ವು. ಯಜಮಾನ ಒಂದು ಕುಂಬಳಕಾಯಿ ಹಿಡ್ಕೊಂಡು ಹೋಗಿ ಕೂಗಿದ. ಸೂರಿಂದ ಒಲೆ ಹೊಗೆ ಬರ್ತಿತ್ತು, ಬಾಗಿಲು ತೆಗೀಲಿಲ್ಲ. ಅವರು ಹಿತ್ತಲಿಂದ ಹೋಗಿ ಹಿತ್ತಲಿಂದ ಬರ್ತಿದ್ರು. ಊರಿಗೆ ಕಾಲಿಡಲಿಲ್ಲ, ಊರಿಗೆ ಪೊರಕೆ ಮಾರಲಿಲ್ಲ.

"ಇಷ್ಟು ಮಾಡಿದ್ವಿ, ಏನು ಕೊಬ್ಬು ನೋಡಿ ಇವರದು!" ಅಂತ ಜನ ಮೊದಮೊದಲು ಬೈದ್ರು. ಆಮೇಲೆ ಬೈಯೋದೂ ನಿಂತಿತು. ಆ ಮನೆ ಕಡೆ ನೋಡೋದನ್ನೇ ಬಿಟ್ರು. ಯಜಮಾನನಿಗೆ ಬಿಡೋಕಾಗಲಿಲ್ಲ. ಅನ್ನ ಸೇರಲಿಲ್ಲ. ಮಳೆಗೆ ಮುಂಚೆ ಒಂದಿನ ಬರಿಗೈಲಿ ಹೋಗಿ ಆ ಬಾಗಿಲ ಮುಂದೆ ನಿಂತ.

"ಚೆನ್ನಾಜಿ, ಬೆಂಕಿ ಬೆಟ್ಟದಿಂದ ಬರಲಿಲ್ಲ. ನಾನೇ ಹಚ್ಚಿದ್ದು. ಆಡು ಬಿಚ್ಚೋಕೆ ಹೊತ್ತಿತ್ತು. ಬಿಚ್ಚೋಕೆ ಬಂದಿದ್ರೆ ನಿಮ್ಮ ಮನೆ ಮುಖ ನೋಡ್ಬೇಕಾಗ್ತಿತ್ತು, ಅದಕ್ಕೆ ಯಾರೂ ಬರಲಿಲ್ಲ."

ಒಳಗೆ ಪೊರಕೆ ಕುಟ್ಟೋ ಸದ್ದು ನಿಂತಿತು. ಅವನು ಕಾದ. ಜಗುಲಿ ಮೇಲೆ ಕೂತ. ಹೊತ್ತು ಇಳಿಯೋವರೆಗೂ ಕೂತಿದ್ದು, ಎದ್ದು ಇನ್ನೊಂದು ಸಲ ಬಾಗಿಲು ತಟ್ಟಿದ. ಯಾರೂ ಓಗೊಡಲಿಲ್ಲ.

ತಾತ ಅಷ್ಟಕ್ಕೇ ನಿಲ್ಲಿಸಿದ್ರು.

ಶಿಷ್ಯರು ಕೇಳಿದ್ರು: "ಎಲ್ಲಾ ಹೇಳಿದ್ಮೇಲೂ ಬಾಗಿಲು ತೆಗೀಲೇ ಇಲ್ವಾ ಗುರುಗಳೇ?"

"ಬಾಗಿಲು ತೆಗೀಲಿ ಅಂತ ಹೇಳೋದಾದ್ರೆ, ಅದೂ ಇನ್ನೊಂದು ಮನೆ ಕಟ್ಟಿಕೊಟ್ಟ ಹಾಗೇ ಕಣಪ್ಪ," ಅಂದ್ರು ತಾತ.