ಜಾಹೀರಾತು ಕಿತ್ತೊಗೆದ ಫಕ್ಕೀರಪ್ಪ

ಲಕ್ಷ್ಮೇಶ್ವರದಲ್ಲಿ ನೀಲವ್ವ ಅಂತ ಒಬ್ಬಳು. ಆಕೆಗೆ ಫಕ್ಕೀರಪ್ಪ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ, ಅದೇ ಅವನ ರೋಗ. ‘ಬಾಗಿಲ ನೋಡ್ಕೋತ ಇರು’ ಅಂತ ಹೇಳಿ ತಾಯಿ ಸಂತೆಗೆ ಹೋದರೆ, ಆಕೆ ಬರುವ ತನಕ ಬಾಗಿಲನ್ನೇ ನೋಡುತ್ತ ಕೂತಿರುವನು. ಹಿತ್ತಲಿನಿಂದ ನಾಯಿ ಬಂದು ರೊಟ್ಟಿ ಬುಟ್ಟಿ ಎಳೆದುಕೊಂಡು ಹೋದರೂ ಆ ಕಡೆ ತಿರುಗನು. ‘ಇಂಥವನ್ನ ಕಟ್ಕೊಂಡು ಹೆಂಗ ಬಾಳೇವು ಮಾಡ್ಲಿ ನಾನು?’ ಅಂತ ನೀಲವ್ವ ಹಣೆ ಹಣೆ ಬಡಿದುಕೊಳ್ಳುವಳು. ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗು ಬರುತ್ತದೆ ಅಂತ ನಾನು ಮಾತು ಕೊಡಲಾರೆ.

ಆಕೆಯ ಗಂಡನಿಗೆ ಊರೆಲ್ಲ ಮೈಕ್ ದ್ಯಾಮಣ್ಣ ಅನ್ನುತ್ತಿತ್ತು. ಸೀರೆ ಅಂಗಡಿಯಾಗಲಿ, ಪಾತ್ರೆ ಅಂಗಡಿಯಾಗಲಿ, ಚಪ್ಪಲಿ ಅಂಗಡಿಯಾಗಲಿ, ಆಟೋಗೆ ಮೈಕ್ ಕಟ್ಟಿ ಓಣಿ ಓಣಿ ಸಾರುವುದು ದ್ಯಾಮಣ್ಣನ ದನಿ. ಮನೆಯ ಮೂಲೆಯಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡು, ಅದರ ಮುಂದೆ ಕೂತು ಕೂಗಿ ರೆಕಾರ್ಡ್ ಮಾಡಿಕೊಳ್ಳುವನು. ಹೋದ ವರ್ಷ ಎದೆ ನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ. ಆಟೋ, ಮೈಕು ಎಲ್ಲ ಮಾರಿಹೋದವು. ದನಿ ಮಾತ್ರ ಕಂಪ್ಯೂಟರಿನಲ್ಲಿ ಉಳಿಯಿತು. ಗಂಡ ಹೆಂಡತಿ ಮನೆಯಲ್ಲಿ ಆಡಿದ ಮಾತನ್ನು ಯಾರು ರೆಕಾರ್ಡ್ ಮಾಡಿ ಇಡುತ್ತಾರೆ? ಅಂಗಡಿಯವರಾದರೂ ಹಬ್ಬ ಮುಗಿದ ಮೇಲೆ ಹಳೆಯ ಕೂಗು ಇಟ್ಟುಕೊಂಡು ಏನು ಮಾಡುತ್ತಾರೆ? ಇದ್ದದ್ದು ಅಷ್ಟೇ, ಅದೂ ಅಲ್ಲಿ ಮಾತ್ರ.

ದಿನಾ ಸಂಜೆ ನೀಲವ್ವ ಒಲೆ ಹೊತ್ತಿಸಿ ‘ಹಚ್ಚಲೇ’ ಅನ್ನುವಳು. ಫಕ್ಕೀರ ಕಂಪ್ಯೂಟರಿನಲ್ಲಿ ಅಪ್ಪನ ದನಿ ಹಚ್ಚುವನು.

‘ತಾಯಂದಿರೇ, ಅಕ್ಕತಂಗಿಯರೇ, ಮನಿಯೊಳಗ ಕುಂತು ಏನ್ ಮಾಡಾಕತ್ತೀರಿ?’ ಅಂತ ದ್ಯಾಮಣ್ಣ ಕೇಳುವನು.

‘ರೊಟ್ಟಿ ಬಡ್ಯಾಕತ್ತೀನ್ರೀ’ ಅಂತ ನೀಲವ್ವ ಹೇಳುವಳು.

‘ಬರ್ರಿ, ಬರ್ರಿ! ಹೊಸಾ ಇಳಕಲ್ ಸೀರಿ ಬಂದಾವು, ಕೊಳ್ರಿ!’

‘ಈಗ ಕರೀತೀರಿ. ಇದ್ದಾಗ ಒಂದರ ಕೊಡಿಸಿದ್ರೇನು?’

ಬದುಕಿದ್ದಾಗ ಅವರು ಇಷ್ಟು ಮಾತಾಡಿದವರೇ ಅಲ್ಲ. ಆ ಹೊತ್ತೊಂದು ಇರುವುದಕ್ಕೇ ನೀಲವ್ವ ಉಳಿದ ದಿನವನ್ನೆಲ್ಲ ನೂಕುತ್ತಿದ್ದಳು.

ಒಂದು ದಿನ ಪರದೆಯ ಮೇಲೆ ಒಂದು ಚೌಕ ಎದ್ದು ಬಂತು. ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ. ಚುರುಕು ಮಾಡಲು ಇಲ್ಲಿ ಒತ್ತಿ’ ಅಂದಿತು. ಒತ್ತು ಅಂದರೆ ಒತ್ತದೆ ಇರುವವನೇ ನಮ್ಮ ಫಕ್ಕೀರ? ಒತ್ತಿದ. ‘ಹೌದು ಅನ್ನಿ’ ಅಂದಿತು. ‘ಹೌದ್ರೀ’ ಅಂತ ಮೊದಲು ಬಾಯಿಂದ ಅಂದ, ಆಮೇಲೆ ಬೆರಳಿನಿಂದ ಒತ್ತಿದ. ಆವತ್ತು ಹೊಕ್ಕಿತು ನೋಡಿ ಪೀಡೆ! ದ್ಯಾಮಣ್ಣ ‘ತಾಯಂದಿರೇ’ ಅನ್ನುತ್ತಲೇ ಯಾವಳೋ ಒಬ್ಬಳು ಎದ್ದು ಕೂದಲೆಣ್ಣೆ ಕೊಳ್ಳಿ ಅಂತ ಕಿರುಚುವಳು. ‘ಅಕ್ಕತಂಗಿ’ ಅನ್ನುವಷ್ಟರಲ್ಲಿ ಬೊಜ್ಜು ಕರಗಿಸುವ ಪುಡಿ, ಇಸ್ಪೀಟಿನ ಆಟ. ಒಂದನ್ನು ಸರಿಸಿದರೆ ಇನ್ನೊಂದು. ಗಂಡನ ಒಂದು ಮಾತೂ ಪೂರ್ತಿ ಕೇಳದಾಯಿತು.

‘ಹೋಗಲೇ, ರಾಜೇಸಾಬನ್ನ ಕೇಳ್ಕೊಂಡು ಬಾ’ ಅಂದಳು. ರಾಜೇಸಾಬ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವವನು. ಅವನಿಗೆ ಅಂಗಡಿ ಬಿಟ್ಟು ಬರಲು ಪುರಸೊತ್ತಿಲ್ಲ, ಈಕೆಗೆ ಕಂಪ್ಯೂಟರನ್ನು ಮನೆಯಿಂದ ಹೊರಗೆ ಕಳಿಸಲು ಮನಸ್ಸಿಲ್ಲ.

‘ಅವು ಕಿಟಕಿ, ತಮ್ಮಾ’ ಅಂದ ರಾಜೇಸಾಬ. ‘ತೆರದದ್ದೆಲ್ಲಾ ಮುಚ್ಚು. ಮ್ಯಾಲ ಮೂಲ್ಯಾಗ ಗುಣಾಕಾರದ ಗುರ್ತು ಇರ್ತೈತಿ, ಅದನ್ನ ಒತ್ತು.’

ಫಕ್ಕೀರ ಮನೆಗೆ ಬಂದ. ಪಡಸಾಲೆಯ ಕಿಟಕಿ ತೆರೆದಿತ್ತು, ಮುಚ್ಚಿದ. ಅಡಿಗೆಮನೆಯ ಕಿಟಕಿ ತೆರೆದಿತ್ತು, ಮುಚ್ಚಿದ. ಮೂಲೆಯಲ್ಲಿ ಗುರುತು ನೋಡಿದ, ಇರಲಿಲ್ಲ. ಇದ್ದಿಲಿನಿಂದ ತಾನೇ ಬರೆದು, ಹೆಬ್ಬೆರಳಿಟ್ಟು ಒತ್ತಿದ. ಮತ್ತೆ ತೆರೆದೀತು ಅಂತ ಮೊಳೆ ಬೇರೆ ಹೊಡೆದ. ಒಳಗೆ ಒಲೆಯ ಹೊಗೆ ತುಂಬಿ ನೀಲವ್ವ ಕೆಮ್ಮುತ್ತ, ಕಣ್ಣೊರೆಸುತ್ತ ಅಂಗಳಕ್ಕೆ ಓಡಿ ಬಂದಳು.

‘ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಏನ್ಮಾಡೀಯಲೇ?’

‘ಹೇಳಿದಂಗಽ ಮಾಡೀನಲ್ಲಬೇ!’

‘ಮನೀ ಕಿಟಕಿ ಅಲ್ಲಲೇ! ಯಾರೂ ಕರೀದಽ ಒಳಗ ಬಂದು ಕುಂತಾವಲ್ಲ, ಅಂಥಾವನ್ನ ಹೊರಗ ಹಾಕಬೇಕು!’

‘ಮೊದಲಽ ಹೇಳಬಾರದಿತ್ತೇನಬೇ? ಇನ್ಮ್ಯಾಲ ಹಂಗಽ ಮಾಡ್ತೀನಿ.’

ಮರುದಿನ ನೀಲವ್ವ ನೀರಿಗೆ ಹೋಗಿದ್ದಳು. ಸವಣೂರಿನಿಂದ ದ್ಯಾಮಣ್ಣನ ಅಕ್ಕ ಕಲ್ಲವ್ವ ಬಂದಳು. ಬಗಲಲ್ಲಿ ಒಂದು ಗಂಟು, ಗಂಟಿನಲ್ಲಿ ತಮ್ಮನ ಮಗನಿಗೆ ಅಂತ ಉಂಡಿ.

‘ಅತ್ತೀ, ನಿನ್ನ ಯಾರರ ಕರದಿದ್ರೇನು?’ ಅಂತ ಕೇಳಿದ ಫಕ್ಕೀರ.

‘ಕರೀಬೇಕೇನಲೇ? ನನ್ನ ತವರುಮನಿ ಇದು. ತಮ್ಮನ ದನಿ ಒಂದೀಟು ಕೇಳಿ ಹೋಗೂಣಂತ ಬಂದೆ.’

‘ಹಂಗಾರ ಕರದಿಲ್ಲ’ ಅಂದವನೇ ಗಂಟನ್ನು ಅಂಗಳದಲ್ಲಿಟ್ಟ, ಅತ್ತೆಯನ್ನೂ ಕೈ ಹಿಡಿದು ತಂದು ಗಂಟಿನ ಪಕ್ಕದಲ್ಲಿಟ್ಟ, ಬಾಗಿಲು ಹಾಕಿದ. ಕಲ್ಲವ್ವ ಮುಚ್ಚಿದ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಳು. ತಮ್ಮ ಹೋದ ಮೇಲೆ ತವರೂ ಹೋಯಿತು ಅಂದುಕೊಂಡಳು. ಅಳುತ್ತ ಬಸ್ಸು ಹತ್ತಿದಳು.

ವಿಷಯ ತಿಳಿದ ನೀಲವ್ವ ಕೊಡ ಇಳಿಸುವುದನ್ನೇ ಮರೆತಳು.

‘ಅಯ್ಯೋ ಪಾಪಿ! ಆಕೀನ್ನ ಹೊರಗ ಹಾಕಿದಿ?’

‘ಹೇಳಿದಂಗಽ ಮಾಡೀನಲ್ಲಬೇ!’

‘ಆಕಿ ಈ ಮನೀಗೆ ನಿನಗಿಂತ ಹಳೇಕಿ! ಹೊಸದಾಗಿ ಬಂದು ಸೇರಿದ್ದನ್ನಷ್ಟ ತಗೀಬೇಕಲೇ. ಹಳೇದು ಮುಟ್ಟಬಾರದು!’

‘ಮೊದಲಽ ಹೇಳಬಾರದಿತ್ತೇನಬೇ?’

ಬೆಳಿಗ್ಗೆ ಎದ್ದವನು ಆಗಷ್ಟೇ ಹಾಕಿಸಿಕೊಂಡ ಹಾಲನ್ನು ಗಟಾರಕ್ಕೆ ಚೆಲ್ಲಿದ, ನಿನ್ನೆಯ ಒಡೆದ ಹಾಲನ್ನು ನೆಲುವಿನ ಮೇಲೆ ಜೋಪಾನವಾಗಿಟ್ಟ. ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು ತಿಪ್ಪೆಗೆ ಹೋಯಿತು, ಹುಳ ಬಿದ್ದ ಹಳೆಯ ಹಿಟ್ಟು ಡಬ್ಬಿಯಲ್ಲಿ ಉಳಿಯಿತು. ಅತ್ತ ಕಂಪ್ಯೂಟರಿನಲ್ಲಿ ಕೂದಲೆಣ್ಣೆಯವಳು ಕಿರುಚುತ್ತಲೇ ಇದ್ದಳು.

ನೀಲವ್ವನ ಸಿಟ್ಟು ನೆತ್ತಿಗೇರಿತು. ಇತ್ತ ಹಿಟ್ಟಿಲ್ಲ, ಹಾಲಿಲ್ಲ, ಅತ್ತ ಗಂಡನ ದನಿಯೂ ಇಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದಳು. ಪಾಪ, ಯಾರು ಅನ್ನುವುದಿಲ್ಲ?

‘ಅಡಿಗೀಮನ್ಯಾಗ ಏನೈತಲೇ ಹುಚ್ಚಪ್ಪ! ಕಂಪ್ಯೂಟರಿನಾಗ! ಜಾಹೀರಾತು ತಗೀಬೇಕು, ಜಾಹೀರಾತು! ಬರ್ರಿ ಬರ್ರಿ, ಕೊಳ್ರಿ ಕೊಳ್ರಿ ಅಂತ ಒದರ್ತಾವಲ್ಲ, ಅವು! ಎಲ್ಲಿ ಅಡಗಿದ್ರೂ ಬಿಡಬ್ಯಾಡ. ಒಂದೂ ಬಿಡಬ್ಯಾಡ. ಮತ್ತ ಚಿಗೀಬಾರದು, ಬೇರಸಮೇತ ಕಿತ್ತೊಗಿ!’

‘ಮೊದಲಽ ಹಿಂಗ ಬಿಡಿಸಿ ಹೇಳಬಾರದಿತ್ತೇನಬೇ?’

ಫಕ್ಕೀರ ರಾಜೇಸಾಬನ ಅಂಗಡಿಗೆ ಓಡಿದ. ಈ ಸಲ ರಾಜೇಸಾಬ ಬಾಯಲ್ಲಿ ಹೇಳದೆ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಕಂಪ್ಯೂಟರಿನೊಳಗೆ ಏನೇನು ಸೇರಿಕೊಂಡಿದೆ ಅಂತ ಎಲ್ಲಿ ನೋಡಬೇಕು, ಗುರುತಿಲ್ಲದ್ದನ್ನು ಹೇಗೆ ತೆಗೆಯಬೇಕು, ತೆಗೆದದ್ದು ಬಿದ್ದಿರುವ ಕಸದ ಬುಟ್ಟಿಯನ್ನು ಹೇಗೆ ಖಾಲಿ ಮಾಡಬೇಕು, ಮತ್ತೆ ಮೇಲೆ ಬರದ ಹಾಗೆ ಆ ಜಾಗವನ್ನು ಹೇಗೆ ಒರೆಸಬೇಕು, ಎಲ್ಲ. ಫಕ್ಕೀರ ಬಾಯಿಪಾಠ ಮಾಡಿಕೊಂಡ. ಇತ್ತ ನೀಲವ್ವ ಕಲ್ಲವ್ವನ ಕಾಲು ಹಿಡಿದು ಕರೆತರಲು ಸವಣೂರಿಗೆ ಹೋದಳು.

ಸಂಜೆ ಇಬ್ಬರೂ ಬಂದರು. ಫಕ್ಕೀರ ಬಾಗಿಲಲ್ಲೇ ನಿಂತಿದ್ದ. ‘ಅವ್ವಾ, ಎಲ್ಲಾ ಸ್ವಚ್ಛ ಆತು! ಕೂದಲೆಣ್ಣಿ ಹೋತು, ಇಸ್ಪೀಟು ಹೋತು, ಪುಡಿ ಹೋತು!’ ಅಂತ ಕುಣಿದ. ನೀಲವ್ವ ಹೋಗಿ ನೋಡಿದಳು. ಹೌದು! ಒಂದು ಕಿಟಕಿಯೂ ಏಳಲಿಲ್ಲ. ಪರದೆ ಹೊಸ ತಟ್ಟೆಯಂತೆ ಬೆಳ್ಳಗಿತ್ತು. ಜನ್ಮದಲ್ಲಿ ಮೊದಲ ಸಲ ಮಗ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಅವನ ತಲೆ ಸವರಿದಳು. ಕಲ್ಲವ್ವನಿಗೆ ಮಣೆ ಹಾಕಿ ಕೂರಿಸಿದಳು, ಒಲೆ ಹೊತ್ತಿಸಿ, ನೆರೆಮನೆಯಿಂದ ಕಡ ತಂದ ಹಿಟ್ಟು ನಾದಲು ಕೂತಳು.

‘ಹಚ್ಚಲೇ’ ಅಂದಳು.

ಫಕ್ಕೀರ ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ.

‘ಹಚ್ಚಲೇ, ನಿಮ್ಮಪ್ಪನ್ನ ಹಚ್ಚು. ಅತ್ತಿ ಕೇಳ್ತಾಳ.’

‘ಅಪ್ಪನ್ನೂ ತಗದೆ’ ಅಂದ ಫಕ್ಕೀರ. ‘ಒಂದೊಂದೂ ಹಚ್ಚಿ ಕೇಳಿ ನೋಡಿದೆನಬೇ. ಬರ್ರಿ ಬರ್ರಿ ಅಂತಿದ್ದ. ಕೊಳ್ರಿ ಕೊಳ್ರಿ ಅಂತಿದ್ದ. ಜಾಹೀರಾತಽ ಅಲ್ಲೇನು ಅದು? ನನಗ ಅಳು ಬಂತು. ಆದ್ರ ನೀ ಒಂದೂ ಬಿಡಬ್ಯಾಡ ಅಂದಿದ್ದಿಯಲ್ಲ?’

ನೀಲವ್ವನ ಕೈಯೊಳಗಿನ ಹಿಟ್ಟು ಕೈಯಲ್ಲೇ ಉಳಿಯಿತು. ಇಷ್ಟು ದಿನ ಕೇಳಿದ್ದು ಆಕೆಗೆ ಗಂಡನ ಮಾತಾಗಿತ್ತು. ಅದು ಜಾಹೀರಾತು ಅಂತ ಆಕೆಗೆ ಒಂದು ದಿನವೂ ಹೊಳೆದಿರಲಿಲ್ಲ.

ಕಲ್ಲವ್ವ ಓಡಿಹೋಗಿ ರಾಜೇಸಾಬನನ್ನು ಕರೆತಂದಳು. ಅವನು ಕೂತ, ಹುಡುಕಿದ, ಮತ್ತೆ ಹುಡುಕಿದ. ‘ಬುಟ್ಟಿ ಖಾಲಿ ಮಾಡಿ ಆ ಜಾಗಾನೂ ಒರಸಿಬಿಟ್ಟಾನವ್ವಾ. ನಾನಽ ಕಲಿಸಿದ್ದು’ ಅಂತ ತಲೆ ತಗ್ಗಿಸಿ ಎದ್ದು ಹೋದ.

ಫಕ್ಕೀರ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ‘ಬೈಯಬೇ’ ಅಂದ. ನೀಲವ್ವ ಬೈದರೆ ಯಾರನ್ನು ಬೈಯುವುದು? ಮಾತು ತನ್ನದೇ.

‘ಇನ್ಮ್ಯಾಲ ಹೆಂಗ ಮಾಡ್ಲಿ, ಹೇಳಬೇ. ಅಪ್ಪನ ದನಿ ಎಲ್ಲಿ ಹುಡುಕ್ಲಿ?’

‘ಎಲ್ಲಿ ಹುಡುಕ್ತೀಯಪ್ಪಾ’ ಅಂದಳು ನೀಲವ್ವ. ‘ಕೇಳಿದವರ ಕಿವ್ಯಾಗಷ್ಟ ಉಳೀತು ಇನ್ನ.’

ಫಕ್ಕೀರನ ಮುಖ ಅರಳಿತು. ‘ಮೊದಲಽ ಹೇಳಬಾರದಿತ್ತೇನಬೇ!’ ಅಂದವನೇ ಓಡಿದ.

ಸೀರೆ ಅಂಗಡಿಯ ಸಾಹುಕಾರನ ಕಿವಿಗೆ ತನ್ನ ಕಿವಿ ಹಚ್ಚಿದ. ‘ಸರಿಯಲೇ!’ ಅಂತ ಸಾಹುಕಾರ ನೂಕಿದ. ಚಹಾದಂಗಡಿಯವನ ಕಿವಿಗೆ ಹಚ್ಚಿದ. ಬಸ್ಸಿಗೆ ಕಾದವರ ಕಿವಿಗೆ ಹಚ್ಚಿದ. ‘ಒಂದೀಟು ಸುಮ್ನಿರ್ರಿ, ನಮ್ಮಪ್ಪ ಒಳಗದಾನ’ ಅಂತ ಕೈಮುಗಿದ. ಜನ ನಕ್ಕರು. ಹೂವು ಮಾರುವವಳು ಕಪಾಳಕ್ಕೆ ಬಾರಿಸಿದಳು. ಊದಿದ ಕೆನ್ನೆ ಹೊತ್ತು ಮನೆಗೆ ಬಂದ.

ಕಲ್ಲವ್ವನ ಕಿವಿಗೆ ಕಿವಿ ಹಚ್ಚಿದ. ಆಕೆ ನೂಕಲಿಲ್ಲ. ಆಮೇಲೆ ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆಕೆಯ ಕಿವಿಗೆ ತನ್ನ ಕಿವಿ ಒತ್ತಿ ಹಿಡಿದ.

‘ಏನರ ಕೇಳಸ್ತೇನೋ?’ ಅಂತ ನೀಲವ್ವ ಕೇಳಿದಳು. ಯಾಕೆ ಕೇಳಿದಳೋ ಆಕೆಗೇ ಗೊತ್ತಿಲ್ಲ.

‘ಇನ್ನಾ ಇಲ್ಲಬೇ’ ಅಂದ ಫಕ್ಕೀರ. ‘ನೀ ಅಳೂದು ನಿಲ್ಲಿಸು. ಅಳೂ ಸಪ್ಪಳಕ್ಕ ಅಪ್ಪನ ಮಾತು ಕೇಳಸ್ವಲ್ದು.’

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಅಲುಗಾಡದೆ ಕೂತಳು.