ಮಲ್ಲಾಜಮ್ಮನ ಬಳೆ, ರಂಗಪತಿಯ ತಮಟೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಹಿಂದೆ ಕೂತೋರಿಗೂ ಕೇಳಿಸ್ಬೇಕು, ಗಲಾಟೆ ಮಾಡಬೇಡಿ.

ನೆಲ್ಲಿಕೋಟೆ ಅಂತ ಒಂದು ರಾಜ್ಯ. ಅದಕ್ಕೆ ಬೊಮ್ಮರಾಜ ಅಂತ ಒಬ್ಬ ರಾಜ. ರಾಜ ಒಳ್ಳೆಯವನೇ. ಯಾರನ್ನೂ ಬೈತಿರಲಿಲ್ಲ, ಯಾರನ್ನೂ ಹೊಡೀತಿರಲಿಲ್ಲ. ಏನೇ ತೀರ್ಮಾನ ಮಾಡೋಕೆ ಮುಂಚೆ "ಇದಕ್ಕೆ ಜನ ಏನಂತಾರೆ?" ಅಂತ ಕೇಳ್ತಿದ್ದ. ಒಳ್ಳೇ ಗುಣ ತಾನೇ? ಆದರೆ ಅವನಿಗೆ ಮಂಡಿ ನೋವು. ಸಿಂಹಾಸನ ಬಿಟ್ಟು ಏಳೋನಲ್ಲ. ಜನರ ಅಭಿಪ್ರಾಯ ಕೇಳ್ಕೊಂಡು ಬರೋದಕ್ಕೆ ಅಂತಲೇ ರಂಗಪತಿ ಅನ್ನೋ ಅಧಿಕಾರೀನ ಇಟ್ಟಿದ್ದ.

ರಂಗಪತಿಗೆ ದಪ್ಪ ಮೀಸೆ, ಜರಿ ಪೇಟ. ಮುಂದೆ ಒಬ್ಬ ತಮಟೆಯವನು, ಹಿಂದೆ ನಾಲ್ಕು ಜನ ಭಟರು. ಬೆಳಿಗ್ಗೆ ತಮಟೆ ಬಡಿಸ್ಕೊಂಡು ಅರಮನೆಯಿಂದ ಹೊರಡೋನು. ಊರಾಚೆ ಆಲದ ಮರದ ಕೆಳಗೆ ಬುತ್ತಿ ಬಿಚ್ಚೋನು. ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು, ಸಂಜೆಗೆ ವಾಪಸ್ ಬಂದು, "ಪ್ರಭು, ಜನ ಹೀಗಂತಾರೆ" ಅನ್ನೋನು. ಜನ ಹಾಗಂದಿರ್ತಿರಲಿಲ್ಲ. ರಂಗಪತಿಗೆ ಹಾಗೆ ಬೇಕಾಗಿರ್ತಿತ್ತು, ಅಷ್ಟೇ.

ಅದೇ ಊರಿನ ಕುಂಬಾರ ಬೀದೀಲಿ ಮಲ್ಲಾಜಮ್ಮ ಅನ್ನೋ ಹೆಂಗಸಿದ್ದಳು. ಅವಳ ಗಂಡ ಶಿವನಂಜ ಬಳೆ ಮಾರೋನು. ಬಣ್ಣಬಣ್ಣದ ಗಾಜಿನ ಬಳೆ ಹಗ್ಗಕ್ಕೆ ಪೋಣಿಸಿ, ಮಲಾರ ಕಟ್ಟಿ, ಹೆಗಲಿಗೆ ಏರಿಸ್ಕೊಂಡು ಬೀದಿ ಬೀದಿ ಸುತ್ತೋನು. ಒಂದು ವರ್ಷ ಜ್ವರ ಬಂದು ಮಲಗಿದೋನು ಮೇಲೇಳಲಿಲ್ಲ. ಮನೇಲಿ ಉಳಿದವರು ಇಬ್ಬರೇ, ಮಲ್ಲಾಜಮ್ಮ ಮತ್ತೆ ಅವಳ ಅತ್ತೆ ನಂಜವ್ವ. ಮೂರು ತಿಂಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಅತ್ತರು. ನಾಲ್ಕನೇ ತಿಂಗಳು ಅಕ್ಕಿ ಮಡಕೆ ತಳ ಕಂಡಿತು. ನಂಜವ್ವ ಕಣ್ಣೊರೆಸ್ಕೊಂಡು ಎದ್ದು ಗೂಟದಿಂದ ಮಲಾರ ಇಳಿಸಿದಳು.

"ತಗೋ ಮಗಳೇ, ಇದನ್ನ ಹೊತ್ಕೊಂಡು ಬೀದಿಗೆ ಹೋಗು."

"ಅತ್ತೆವ್ವಾ, ಗಂಡ ಸತ್ತೋಳು ಮುತ್ತೈದೇರಿಗೆ ಬಳೆ ತೊಡಿಸೋದಾ? ಜನ ಏನಂತಾರೆ?"

"ಏನಂತಾರೆ ಅಂತ ಹೋಗಿ ಕೇಳ್ಕೊಂಡು ಬಾ. ಇಲ್ಲಿ ಒಲೆ ಮುಂದೆ ಕೂತ್ರೆ ನಿಂಗೆ ಹೆಂಗೆ ಗೊತ್ತಾಗ್ತದೆ?"

ಮಲ್ಲಾಜಮ್ಮ ಹೊರಟಳು. ಬಾಯಿಂದ "ಬಳೆ, ಬಳೆಯಮ್ಮಾ" ಅನ್ನೋ ಕೂಗೇ ಹೊರಡಲಿಲ್ಲ. ಒಂದು ಮನೆ ದಾಟಿದಳು, ಯಾರೂ ಕರೀಲಿಲ್ಲ. ಎರಡನೇ ಮನೆ ದಾಟಿದಳು, ಯಾರೂ ಕರೀಲಿಲ್ಲ. ಮೂರನೇ ಮನೆ ಕಿಟಕಿಯಿಂದ ಒಬ್ಬ ಬಸುರಿ ಹೆಂಗಸು ಇಣುಕಿದಳು.

"ಮಲ್ಲಾಜಕ್ಕಾ, ನೀನಾ? ಬಾರೇ ಒಳಗೆ! ಗಂಡಸು ಬಂದ್ರೆ ಜಗಲೀಲಿ ಮಾವನ ಮುಂದೆ ಕೈ ಚಾಚಬೇಕು, ಕೆಮ್ಮೋಕೂ ನಾಚಿಕೆ. ನೀನಾದ್ರೆ ಅಡುಗೆಮನೇಲೇ ಕೂತು ತೊಡಿಸಬಹುದು."

ಮಲ್ಲಾಜಮ್ಮನ ಕೈ ಅಂದ್ರೆ ಬೆಣ್ಣೆ. ಹರಳೆಣ್ಣೆ ಸವರಿ, ಗೆಣ್ಣು ನೀವಿ, "ಅಲ್ನೋಡು, ನಿನ್ನ ಸಾರು ಉಕ್ತಾ ಐತೆ" ಅನ್ನೋಳು. ಅವರು ಒಲೆ ಕಡೆ ತಿರುಗೋದ್ರೊಳಗೆ ಬಳೆ ಮಣಿಕಟ್ಟಿಗೆ ಬಂದು ಕೂತಿರ್ತಿತ್ತು. ಒಂದು ಬಳೆಯೂ ಒಡೀತಿರಲಿಲ್ಲ, ಒಂದು ತರಚೂ ಆಗ್ತಿರಲಿಲ್ಲ. ಆರು ತಿಂಗಳೊಳಗೆ ಕುಂಬಾರ ಬೀದಿ, ಪೇಟೆ ಬೀದಿ, ಕೋಟೆ ಬೀದಿ, ಮೂರೂ ಕಡೆ ಹೆಂಗಸರು ಅವಳಿಗೇ ಕಾಯೋ ಹಾಗಾಯಿತು. ಮಡಕೇಲಿ ಅಕ್ಕಿ ತುಂಬಿತು. ನಂಜವ್ವ ಮತ್ತೆ ನಗೋದು ಕಲಿತಳು.

ಈಗ ರಂಗಪತಿಯ ಬಾಮೈದನ ವಿಷಯಕ್ಕೆ ಬರೋಣ. ಅವನ ಹೆಸರು ಚೌಡಪ್ಪ. ಅವನೂ ಪೇಟೆ ಬೀದೀಲಿ ಬಳೆ ಅಂಗಡಿ ಇಟ್ಟಿದ್ದ. ಬಳೆ ಚೆನ್ನಾಗಿದ್ದವು, ಆದರೆ ಚೌಡಪ್ಪ ಕೈ ಹಿಡಿದ್ರೆ ಎತ್ತಿನ ಮೂಗುದಾರ ಹಿಡಿದ ಹಾಗೆ. ಆರು ಬಳೆ ತೊಡಿಸಿದ್ರೆ ಮೂರು ಒಡಿಯೋನು. ಅವನ ಅಂಗಡಿಗೆ ನೊಣ ಬಿಟ್ಟು ಇನ್ಯಾರೂ ಬರ್ತಿರಲಿಲ್ಲ. ಅವನು ಭಾವನ ಹತ್ರ ಹೋಗಿ ಮುಖ ಊದಿಸ್ಕೊಂಡ.

"ಭಾವ, ಆ ಮಲ್ಲಾಜಮ್ಮ ಬೀದೀಲಿರೋ ತನಕ ನನ್ನ ಅಂಗಡಿ ನಡೆಯಲ್ಲ."

"ಅಷ್ಟೇ ತಾನೇ? ನಾಳೆ ಜನರ ಅಭಿಪ್ರಾಯ ಬದಲಾಗ್ತದೆ ಬಿಡು," ಅಂದ ರಂಗಪತಿ.

ಮಾರನೇ ದಿನ ರಾಜನ ಮುಂದೆ ಕೈ ಮುಗಿದು ನಿಂತ. "ಪ್ರಭು, ಜನ ಬಹಳ ನೊಂದಿದ್ದಾರೆ. ಒಬ್ಬ ವಿಧವೆ ಮುತ್ತೈದೆಯರಿಗೆ ಬಳೆ ತೊಡಿಸ್ತಿದ್ದಾಳೆ. ಇದು ಊರಿಗೆ ಅಪಶಕುನ, ನಿಲ್ಲಿಸಿ ಅಂತ ಎಲ್ಲರೂ ಹೇಳ್ತಿದ್ದಾರೆ."

ರಾಜ ತಲೆ ಕೆರ್ಕೊಂಡ. "ಅವಳ ಹೊಟ್ಟೆಪಾಡಿನ ಪ್ರಶ್ನೆ ರಂಗಪತಿ. ಇನ್ನೊಂದು ಸಲ ಮೂರೂ ಬೀದೀಲಿ ಸರಿಯಾಗಿ ಕೇಳ್ಕೊಂಡು ಬಾ. ಜನ ಬೇಡ ಅಂದ್ರೆ ನಿಲ್ಲಿಸೋಣ."

ಈ ಸಲ ರಂಗಪತಿ ನಿಜವಾಗಲೂ ಬೀದಿಗಿಳಿದ. ಆ ಹೊತ್ತಿಗೆ ಮಲ್ಲಾಜಮ್ಮ ಪೇಟೆ ಬೀದೀಲಿ ನೇಕಾರ ಸಣ್ಣತಮ್ಮನ ಮನೇಲಿದ್ದಳು. ಅಡುಗೆಮನೇಲಿ ಕೂತು ಅವನ ಹೆಂಡತಿಗೆ ಬಳೆ ತೊಡಿಸ್ತಿದ್ದಳು. ಹೊರಗೆ ತಮಟೆ ಸದ್ದು ಕೇಳಿತು. ಬಾಗಿಲ ಸಂದೀಲಿ ನೋಡಿದ್ರೆ ಜಗಲಿ ಮುಂದೆ ಭಟರು, ನಡುವೆ ರಂಗಪತಿ.

"ಲೋ ಸಣ್ಣತಮ್ಮ, ಅಡ್ಡ ಮಾತು ಬೇಡ, ಒಂದೇ ಮಾತಲ್ಲಿ ಹೇಳು. ನಿನ್ನ ಮಗ್ಗದ ನೂಲು ದಿನಾ ಕಡೀಬೇಕಾ, ಬೇಡವಾ?"

"ಅಯ್ಯೋ, ಬೇಡ ಬುದ್ಧಿ!"

"ಬೇಡ ಅಂತ ಬರ್ಕೊಳ್ಳಪ್ಪ," ಅಂದ ರಂಗಪತಿ ಭಟನಿಗೆ. ಮುಂದಿನ ಮನೆಗೆ ಹೋದ.

ಸಣ್ಣತಮ್ಮ ಒಳಗೆ ಬಂದು, "ಏನು ಕೇಳಿದ್ರೋ, ಯಾಕೆ ಕೇಳಿದ್ರೋ, ಒಂದೂ ಗೊತ್ತಾಗಲಿಲ್ಲ," ಅಂದ. ಮಲ್ಲಾಜಮ್ಮನಿಗೂ ಗೊತ್ತಾಗಲಿಲ್ಲ. ಕುಂಬಾರ ಬೀದಿಗೆ ಬಂದ್ರೆ ಅಲ್ಲಿನ ಹೆಂಗಸರು, "ನಮ್ಮೋರನ್ನ 'ನಿಮ್ಮ ಮಡಕೆಯೆಲ್ಲ ಒಡೆದುಹೋಗಬೇಕಾ ಬೇಡವಾ?' ಅಂತ ಕೇಳಿದ್ರು," ಅಂದರು. ಕೋಟೆ ಬೀದೀಲಿ, "ಕೋಟೆ ಮೇಲೆ ಸಿಡಿಲು ಬೀಳಬೇಕಾ ಬೇಡವಾ?" ಅಂತ ಕೇಳಿದ್ದರಂತೆ. ಮೂರೂ ಬೀದೀಲಿ ಗಂಡಸರು "ಬೇಡ, ಬೇಡ, ಬೇಡ" ಅಂದಿದ್ದರು. ಹೆಂಗಸರನ್ನ ಯಾರೂ ಏನೂ ಕೇಳಿರಲಿಲ್ಲ.

ಎರಡು ದಿನಕ್ಕೆ ಮಲ್ಲಾಜಮ್ಮನಿಗೆ ಅರಮನೆಯಿಂದ ಕರೆ ಬಂತು. ಅವಳು ಮಲಾರ ಹೊತ್ಕೊಂಡೇ ಹೊರಟಳು, ನಂಜವ್ವನೂ ಕೋಲೂರ್ಕೊಂಡು ಜೊತೆಗೇ ಬಂದಳು. ತುಂಬಿದ ಸಭೇಲಿ ರಂಗಪತಿ ಓಲೆ ಬಿಚ್ಚಿ ಓದಿದ.

"ಕುಂಬಾರ ಬೀದಿ, ಬೇಡ. ಪೇಟೆ ಬೀದಿ, ಬೇಡ. ಕೋಟೆ ಬೀದಿ, ಬೇಡ. ಪ್ರಭು, ಮಲ್ಲಾಜಮ್ಮ ಬಳೆ ಮಾರೋದು ಒಬ್ಬರಿಗೂ ಬೇಡವಂತೆ."

ಮಲ್ಲಾಜಮ್ಮನಿಗೆ ಆಗ ಅರ್ಥ ಆಯಿತು. ಮೊದಲು ಹೆದರಿಕೆ ಆಯಿತು, ಆಮೇಲೆ ಸಿಟ್ಟು ಬಂತು. ಆದರೆ ಗಾಜಿನ ಬಳೆ ಮಾರೋರಿಗೆ ಸಿಟ್ಟು ನುಂಗೋದು ಚೆನ್ನಾಗಿ ಗೊತ್ತಿರ್ತದೆ. ಕೈ ನಡುಗಿದ್ರೆ ಮಾಲು ಉಳಿಯಲ್ಲ. ಅವಳು ನಗ್ತಾ ಕೈ ಮುಗಿದಳು.

"ಬುದ್ಧಿ, ಜನ ಬೇಡ ಅಂದ ಮೇಲೆ ನಾನ್ಯಾಕೆ ಎದುರಾಡಲಿ? ನಾಳೆಯಿಂದ ಬೀದಿಗೆ ಇಳಿಯಲ್ಲ. ನನ್ನದೊಂದೇ ಆಸೆ. ಈ ಸಭೆಯ ಅಭಿಪ್ರಾಯ ನಾನೂ ಒಂದು ಸಲ ಕೇಳಬೇಕು. ರಂಗಪತಿ ಬುದ್ಧಿಯೋರು ಕೇಳೋ ಹಾಗೇ ಕೇಳ್ತೀನಿ."

ರಾಜ ಹೂಂ ಅಂದ. ರಂಗಪತಿ ಮೀಸೆ ತಿರುವಿದ.

ಮಲ್ಲಾಜಮ್ಮ ಮಂತ್ರಿಗಳ ಕಡೆ ತಿರುಗಿದಳು. "ಬುದ್ಧಿ, ನಮ್ಮ ರಾಜ್ಯಕ್ಕೆ ಮಳೆ ಬೇಕಾ, ಬೇಡವಾ?"

"ಬೇಕು!" ಅಂದರು ಮಂತ್ರಿಗಳು.

ಭಟರ ಕಡೆ ತಿರುಗಿದಳು. "ಅಣ್ಣಂದಿರಾ, ಹಬ್ಬದ ದಿನ ಹೋಳಿಗೆ ಊಟ ಬೇಕಾ, ಬೇಡವಾ?"

"ಬೇಕು!" ಅಂತ ಭಟರು ಈಟಿ ಕುಟ್ಟಿದರು.

ಕೊನೆಗೆ ರಂಗಪತಿ ಮುಂದೆ ನಿಂತಳು. "ಬುದ್ಧಿ, ನಮ್ಮ ರಾಜರಿಗೆ ಗಟ್ಟಿ ಆಯಸ್ಸು ಬೇಕಾ, ಬೇಡವಾ?"

"ಬೇಕೇ ಬೇಕು!" ಅಂತ ಇಡೀ ಸಭೆಗೆ ಕೇಳೋ ಹಾಗೆ ಕೂಗಿದ ರಂಗಪತಿ.

ಮಲ್ಲಾಜಮ್ಮ ರಾಜನಿಗೆ ನಮಸ್ಕಾರ ಮಾಡಿದಳು. "ಬುದ್ಧಿ, ಅಭಿಪ್ರಾಯ ಸಿಕ್ತು. ರಂಗಪತಿ ಬುದ್ಧಿಯೋರ ಜರಿ ಪೇಟ ಬಿಚ್ಚಿ ಮಲ್ಲಾಜಮ್ಮನ ತಲೆಗೆ ಇಡಬೇಕಂತೆ. ಮಂತ್ರಿಗಳು ಬೇಕು ಅಂದರು, ಭಟರು ಬೇಕು ಅಂದರು. ರಂಗಪತಿ ಬುದ್ಧಿಯೋರಂತೂ ಬೇಕೇ ಬೇಕು ಅಂದರು."

"ಏಯ್! ನೀನು ಕೇಳಿದ್ದೇ ಬೇರೆ, ಹೇಳ್ತಿರೋದೇ ಬೇರೆ!" ಅಂತ ಚೀರಿದ ರಂಗಪತಿ.

"ನಾನು ನಿಮ್ಮಿಂದಲೇ ಕಲ್ತಿದ್ದು ಬುದ್ಧಿ. ಸಣ್ಣತಮ್ಮನನ್ನ ನೂಲು ಕಡೀಬೇಕಾ ಅಂತ ಕೇಳಿದ್ರಿ. ಇಲ್ಲಿಗೆ ಬಂದು ಮಲ್ಲಾಜಮ್ಮ ಬೇಡ ಅಂತ ಓದಿದ್ರಿ."

ಯಾರೋ ಮೂಲೇಲಿ ಕಿಸಕ್ ಅಂದರು. ಅಷ್ಟೇ, ಇಡೀ ಸಭೆ ಹೊಟ್ಟೆ ಹಿಡ್ಕೊಂಡು ನಕ್ಕಿತು. ರಾಜ ಮಾತ್ರ ನಗಲಿಲ್ಲ. ಇಷ್ಟು ವರ್ಷ ತಾನು ಕೇಳಿದ್ದು ಜನರ ಮಾತಲ್ಲ ಅಂತ ಅವನಿಗೆ ಹೊಳೀತು. ಮಂಡಿ ಹಿಡ್ಕೊಂಡು ಎದ್ದು ನಿಂತ.

"ತಮಟೆ ಬೇಡ, ಭಟರು ಬೇಡ. ನಾನೇ ಹೋಗಿ ಕೇಳ್ತೀನಿ. ಮಲ್ಲಾಜಮ್ಮ, ನೀನೂ ನಿನ್ನ ಅತ್ತೇನೂ ಜೊತೆಗೆ ಬನ್ನಿ. ರಂಗಪತಿ, ನೀನು ಬಾಯಿ ಮುಚ್ಕೊಂಡು ಹಿಂದೆ ಬಾ."

ಕುಂಬಾರ ಬೀದೀಲಿ ಒಬ್ಬ ಮುದುಕ ಜಗಲೀಲಿ ಕೂತಿದ್ದ. ರಾಜ ಅವನ ಪಕ್ಕದಲ್ಲೇ ಕೂತು, "ಅಜ್ಜ, ಮಲ್ಲಾಜಮ್ಮ ಬಳೆ ತೊಡಿಸೋದು ನಿಮಗೆ ಸರಿಯಾ ತಪ್ಪಾ?" ಅಂತ ನೇರವಾಗಿ ಕೇಳಿದ.

"ನಾನು ಬಳೆ ತೊಡ್ತೀನಾ ಬುದ್ಧಿ? ತೊಡೋರು ಒಳಗವ್ರೆ, ಅವರನ್ನ ಕೇಳಿ," ಅಂದ ಮುದುಕ. ಒಳಗಿಂದ ಸೊಸೆ, "ಅವಳು ಬರಲಿ ಬುದ್ಧಿ, ದಿನಾ ಬರಲಿ!" ಅಂದಳು.

ಪೇಟೆ ಬೀದೀಲಿ ಒಬ್ಬ ಅಜ್ಜಿ ಬೇರೆ ಮಾತು ಹೇಳಿದಳು. "ನನಗೆ ಸರಿ ಕಾಣಲ್ಲ ಬುದ್ಧಿ. ಹಳೇ ಕಾಲದೋಳು ನಾನು. ನಾನು ಅವಳ ಹತ್ರ ತೊಡಿಸ್ಕೊಳ್ಳಲ್ಲ. ಆದರೆ ಅವಳ ಅನ್ನ ಕಿತ್ಕೊಳ್ಳಿ ಅಂತ ನಾನ್ಯಾವತ್ತೂ ಅಂದಿಲ್ಲ."

ರಾಜ ಅದನ್ನೂ ತಲೆ ತಗ್ಗಿಸಿ ಕೇಳ್ಕೊಂಡ. ಮಲ್ಲಾಜಮ್ಮನೂ ಕೇಳ್ಕೊಂಡಳು. ಸ್ವಲ್ಪ ನೋವಾಯಿತು, ಆದರೆ ಅಜ್ಜಿ ನಿಜ ಹೇಳಿದಳಲ್ಲ ಅಂತ ಸಮಾಧಾನ ಆಯಿತು.

ಕೋಟೆ ಬೀದಿಯ ಕೊನೇ ಮನೆ ಮುಂದೆ ರಾಜ ನಿಂತ. ರಂಗಪತಿ ಬೆವೆತುಹೋದ. ಅದು ಅವನದೇ ಮನೆ. ಅವನ ಹೆಂಡತಿ ಕಾವೇರಮ್ಮ ಬಾಗಿಲಿಗೆ ಬಂದಳು. ಎರಡೂ ಕೈ ತುಂಬ ಹಸಿರು ಬಳೆ ಘಲ್ಲೆಂದವು.

"ತಾಯಿ, ಈ ಬಳೆ ಯಾರು ತೊಡಿಸಿದ್ದು?" ಅಂದ ರಾಜ.

"ಇನ್ಯಾರು ಬುದ್ಧಿ, ಮಲ್ಲಾಜಮ್ಮ! ಹಿತ್ತಲ ಬಾಗಿಲಿಂದ ಕರೆಸ್ಕೊಂಡಿದ್ದೆ. ಹೋದ ಹಬ್ಬಕ್ಕೆ ಬಳೆ ಅಂಗಡಿ ಇಟ್ಟಿರೋ ನನ್ನ ತಮ್ಮನ ಕೈಲಿ ತೊಡಿಸ್ಕೊಂಡು ಗೆಣ್ಣು ತರಚಿ ಎಂಟು ದಿನ ರೊಟ್ಟಿ ತಟ್ಟೋಕೆ ಆಗಲಿಲ್ಲ."

"ಇದನ್ನ ನಿನ್ನ ಗಂಡನಿಗೆ ಯಾಕಮ್ಮ ಹೇಳಲಿಲ್ಲ?"

ಕಾವೇರಮ್ಮ ಗಂಡನ ಮುಖ ನೋಡಿದಳು. "ಊರಿನ ಅಭಿಪ್ರಾಯ ಕೇಳೋಕೆ ದಿನಾ ಹೋಗ್ತಾರೆ ಬುದ್ಧಿ. ಮನೆಯೋಳ ಅಭಿಪ್ರಾಯ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ."

ಬೀದಿಗೆ ಬೀದಿಯೇ ಗೊಳ್ಳೆಂದಿತು. ರಂಗಪತಿಯ ಮೀಸೆ ಜೋತುಬಿತ್ತು. ಅವನ ಗುಟ್ಟೆಲ್ಲ ಅವನ ಮನೆ ಹೊಸಿಲ ಮೇಲೇ ಬಯಲಾಯಿತು.

ರಾಜ ಅಲ್ಲೇ ಜಗಲೀಲಿ ಕೂತು ತೀರ್ಪು ಕೊಟ್ಟ. ಮಲ್ಲಾಜಮ್ಮ ಎಲ್ಲಿ ಬೇಕಾದ್ರೂ ಬಳೆ ಮಾರಬಹುದು. ಬೇಕಾದೋರು ತೊಡ್ಲಿ, ಬೇಡದೋರು ಬಿಡ್ಲಿ. ರಂಗಪತಿ ಒಂದು ವರ್ಷ ಮಲ್ಲಾಜಮ್ಮನ ಮಲಾರ ಹೊತ್ಕೊಂಡು ಅವಳ ಹಿಂದೆ ಬೀದಿ ಸುತ್ತಬೇಕು. ಮಾತಾಡೋ ಹಾಗಿಲ್ಲ, ಜನ ಮಾತಾಡೋದನ್ನ ಬರೀ ಕೇಳಿಸ್ಕೋಬೇಕು. ಮಲಾರ ಅಲ್ಲೇ ಅವನ ಹೆಗಲೇರಿತು.

ತೀರ್ಪು ಕೊಟ್ಟ ಖುಷೀಲಿ ರಾಜನಿಗೆ ಇನ್ನೊಂದು ಯೋಚನೆ ಬಂತು. "ಇಷ್ಟು ಜನಕ್ಕೆ ಬಳೆ ತೊಡಿಸೋ ಈ ಹೆಣ್ಣುಮಗಳು ತಾನೂ ಬಳೆ ತೊಡಬಹುದೋ ಬೇಡವೋ? ನಾಳೆ ಅದನ್ನೂ ಜನರನ್ನ ಕೇಳಿಬಿಡೋಣ!"

ನಂಜವ್ವ ಕೋಲು ನೆಲಕ್ಕೆ ಕುಟ್ಟಿದಳು. "ಬುದ್ಧಿ, ಕೈ ಅವಳದು. ಊರನ್ನ ಯಾಕೆ ಕೇಳ್ತೀರಿ? ಅವಳನ್ನ ಕೇಳಿ."

ರಾಜ ನಾಲಿಗೆ ಕಚ್ಕೊಂಡ. ಎಲ್ಲರೂ ಮಲ್ಲಾಜಮ್ಮನ ಕಡೆ ತಿರುಗಿದರು. ಅವಳಿಗೆ ಆಸೆ ಇತ್ತು, ಇಲ್ಲ ಅಂತಲ್ಲ. ಆದರೆ ಬಾಯಿಬಿಟ್ಟು ಹೇಳಿ ಅಭ್ಯಾಸ ಇರಲಿಲ್ಲ. ಅವಳು ಅತ್ತೆ ಮುಖ ನೋಡಿದಳು.

"ನೀಲಿ ಬಳೆ," ಅಂದಳು. "ಕೈಗೆ ನಾಲ್ಕು ಸಾಕು. ಜಾಸ್ತಿ ಆದ್ರೆ ಕೆಲಸಕ್ಕೆ ಅಡ್ಡ ಬರ್ತವೆ."

ಕಾವೇರಮ್ಮ ಹರಳೆಣ್ಣೆ ತರೋಕೆ ಒಳಗೆ ಓಡಿದಳು. ನಂಜವ್ವ ರಂಗಪತಿ ಕಡೆ ತಿರುಗಿ, "ಸ್ವಲ್ಪ ಬಗ್ಗಪ್ಪ, ನಿನ್ನ ಹೆಗಲ ಮೇಲಿನ ಮಲಾರದಿಂದ ನೀಲಿ ಬಳೆ ಬಿಚ್ಚಬೇಕು," ಅಂದಳು. ರಂಗಪತಿ ಬಗ್ಗಿದ.

ಇದರಿಂದ ತಿಳ್ಕೋಬೇಕಾದ ನೀತಿ ಇಷ್ಟು ಮಕ್ಕಳೇ. "ಜನ ಹೀಗಂತಾರೆ" ಅಂತ ಯಾರಾದರೂ ಹೇಳಿದ್ರೆ, ಯಾವ ಜನ, ಅವರನ್ನ ಏನು ಕೇಳಿದ್ರಿ ಅಂತ ವಿಚಾರಿಸಿ. ಒಬ್ಬರ ಬಾಳಿನ ಬಗ್ಗೆ ಅಭಿಪ್ರಾಯ ಬೇಕಾದ್ರೆ, ಊರನ್ನ ಕೇಳೋಕೆ ಮುಂಚೆ ಅದನ್ನ ಬಾಳೋರನ್ನ ಕೇಳಿ.

ನೆಲ್ಲಿಕೋಟೆ ಕಥೆ ಅಲ್ಲಿಗೆ ಮುಗೀತು. ಇನ್ನು ನೀವು ಮನೆಗೆ ಹೋಗಿ, ಅಡುಗೆಮನೇಲಿರೋರನ್ನ ಒಂದು ಮಾತು ಕೇಳಿ ಬನ್ನಿ.