ಬೇರೆಯವರು ತುಂಬಿದ ತೋಟಾ

ಹೊಳೆದಂಡೆಯ ಚಿಕ್ಕ ಮನೆಯೊಂದರಲ್ಲಿ ಸುಬೇದಾರ್ ಮೊಣ್ಣಪ್ಪ ಇದ್ದರು. ಅವರಿಗೆ ಇದ್ದದ್ದು ಒಂದು ಕೋವಿ, ಒಬ್ಬಳು ಶಿಷ್ಯೆ. ಎರಡರಲ್ಲಿ ಯಾವುದರ ಸದ್ದು ಹೆಚ್ಚು ಎಂದು ಯಾರಾದರೂ ತಮಾಷೆಗೆ ಕೇಳಿದರೆ, ಕೋವಿ ಬಾಯಿ ಬಿಟ್ಟು ವರ್ಷಗಳಾದವು ಎನ್ನುತ್ತಿದ್ದರು.

ಕೋವಿ ಸ್ವಿಟ್ಜರ್ಲೆಂಡಿನದು. ಅಲ್ಲಿನ ಸೈನಿಕರು ಒಂದು ಕಾಲದಲ್ಲಿ ಹೆಗಲಿಗೆ ಹಾಕಿಕೊಂಡು ತಿರುಗಿದ್ದು. ಆ ದೇಶದ ಗೆಳೆಯನೊಬ್ಬ ಸುಬೇದಾರರಿಗೆ ಕೊಟ್ಟುಹೋಗಿದ್ದ. ಬೇರೆ ಕೋವಿಗಳಲ್ಲಿ ತೋಟಾವನ್ನು ಒಳಗೆ ದೂಡುವ ಬೋಲ್ಟನ್ನು ಮೇಲೆತ್ತಿ ತಿರುಗಿಸಿ ಹಿಂದಕ್ಕೆ ಎಳೆಯಬೇಕು. ಇದರದನ್ನು ನೆಟ್ಟಗೆ ಎಳೆದು ನೆಟ್ಟಗೆ ತಳ್ಳಿದರೆ ಮುಗಿಯಿತು.

ಅಷ್ಟು ಚೆಂದದ ಕೋವಿಗೆ ಒಂದೇ ಕೊರತೆ. ಅದರ ತೋಟಾ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಸಿಗದಿದ್ದರೆ ಸುಬೇದಾರರು ಸುಮ್ಮನಿರುವವರೇ? ಹೊಡೆದ ತೋಟಾದ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು ತೊಳೆಯುತ್ತಿದ್ದರು. ಅಚ್ಚಿಗೆ ಹಾಕಿ ಒತ್ತಿ ಹಳೆಯ ಆಕಾರಕ್ಕೆ ತರುತ್ತಿದ್ದರು. ಹಿಂಬದಿಗೆ ಕಿಡಿ ಹೊತ್ತಿಸುವ ಪುಟ್ಟ ಹೊಸ ಕೇಪು ಕೂರಿಸಿ, ಒಳಗೆ ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿದರೆ ತೋಟಾ ಮತ್ತೆ ಹೊಸದು. ವರ್ಷಗಟ್ಟಲೆ ಅವರು ಕೋವಿಗೆ ಹೀಗೆ ಕೈತುತ್ತು ತಿನ್ನಿಸಿದರು.

ಆಮೇಲೆ ಅವರ ಬೆರಳು ನಡುಗತೊಡಗಿತು. ಕೋವಿ ಎತ್ತಿ ಹಿಡಿದರೆ ಕೈ ಬಂಡೆಯ ಹಾಗೆ ನಿಲ್ಲುತ್ತಿತ್ತು. ಚಿಟಿಕೆ ಮದ್ದು ಹಿಡಿದರೆ ಮಾತ್ರ ನಡುಕ.

ಅಂದಿನಿಂದ ಅವರು ಕೋವಿ ಹೊಡೆಯಲಿಲ್ಲ. ಬೇರೆಯವರು ತುಂಬಿದ ತೋಟಾ ಹೊಡೆಯುವುದಿಲ್ಲ ಎಂಬುದು ಅವರ ನೇಮ. ಮದ್ದು ಮಿತಿ ಮೀರಿದರೆ ಒಡೆಯುವುದು ಎದುರಿನ ಗುರಿಯಲ್ಲ, ಹೊಡೆಯುವವನ ಮುಖ.

ಕೊಡಗಿನವರು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ಆ ಕೋವಿಯೂ ಹೊರಗೆ ಬರುತ್ತಿತ್ತು. ಎಲ್ಲ ಕೋವಿಗಳ ಹಾಗೆ ಅದರ ಕೊಳವೆಯ ಬಾಯಿಗೂ ತೋಕ್‌ಪೂ ಎಂಬ ಕೆಂಪು ಹಳದಿ ಹೂ ಸಿಕ್ಕಿಸುತ್ತಿದ್ದರು. ಪೂಜೆಯ ನಂತರ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮೊದಲ ಗುಂಡು ನಿಮ್ಮದೇ ಆಗಬೇಕು ಎಂದು ಊರಿನವರು ಪ್ರತಿ ವರ್ಷ ಕರೆಯುತ್ತಿದ್ದರು. ಸುಬೇದಾರರು ಕೈಮುಗಿದು ಒಲ್ಲೆ ಎನ್ನುತ್ತಿದ್ದರು. ಕೋವಿ ಹೂವಿನ ಸಮೇತ ಪೆಟ್ಟಿಗೆಗೆ ಮರಳುತ್ತಿತ್ತು.

ಶಿಷ್ಯೆ ದೇಚಮ್ಮ ಶಾಲೆಯಲ್ಲಿ ಲೆಕ್ಕ ಕಲಿಸುವವಳು, ಮದುವೆಯಾಗಿ ಮಕ್ಕಳಿದ್ದವಳು. ಸುಬೇದಾರರನ್ನು ಮಾವ ಎಂದೇ ಕರೆಯುತ್ತಿದ್ದಳು. ಚಿಕ್ಕವಳಿದ್ದಾಗ ಎರಡೂ ಕಿವಿ ಮುಚ್ಚಿಕೊಂಡು ಆ ಕೋವಿಯ ಸದ್ದು ಕೇಳಿದ್ದಳು. ಅದನ್ನು ಇನ್ನೊಮ್ಮೆ ಕೇಳಬೇಕು, ಸುಬೇದಾರರ ಕೈಯಿಂದಲೇ ಕೇಳಬೇಕು, ಅದೂ ತಾನು ತುಂಬಿದ ತೋಟಾದಿಂದ. ಅವಳಿಗಿದ್ದದ್ದು ಅದೊಂದೇ ಆಸೆ. ಅದಕ್ಕಾಗಿಯೇ ತಾನಾಗಿ ಬಂದು ವಿದ್ಯೆ ಕೇಳಿದ್ದಳು.

ಕಲಿಸುವಾಗ ಸುಬೇದಾರರು ಅವಳ ಮೊಣಕೈ ಪಕ್ಕದಲ್ಲೇ ಕೂರುತ್ತಿದ್ದರು. ತಕ್ಕಡಿಯ ಮುಳ್ಳು ಕೂದಲಿನಷ್ಟು ಓರೆಯಾದರೂ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ದೇಚಮ್ಮ ತನ್ನ ಅತ್ತೆಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರುತ್ತಿದ್ದಳು.

ಆ ವರ್ಷ ಹಬ್ಬದ ಹಿಂದಿನ ದಿನ ಅವಳು ಮೇಜಿನ ಮುಂದೆ ಕೂತು ಚಿಪ್ಪು ಒರೆಸುತ್ತಿದ್ದಳು. ಸುಬೇದಾರರು ಬಾಗಿಲಲ್ಲಿ ನಿಂತು ಹೊಳೆ ನೋಡುತ್ತಲೇ ಹೇಳಿದರು.

‘ನಾಳೆ ನೀನು ತುಂಬಿದ್ದು ತಾ. ಹೊಡೀತೀನಿ.’

ದೇಚಮ್ಮ ಎದ್ದು ಕುಣಿದೇಬಿಟ್ಟಳು. ಮೇಜು ಅಲುಗಿತು. ಹೊಡೆದು ಮುಗಿದ ಹಳೆಯ ಕೇಪುಗಳನ್ನು ಹಾಕಿಟ್ಟಿದ್ದ ಡಬ್ಬಿ ಉರುಳಿ ಕೇಪುಗಳೆಲ್ಲ ಚೆಲ್ಲಾಡಿದವು.

‘ಮೊದಲು ಕುಣಿದು ಮುಗಿಸು,’ ಅಂದರು ಸುಬೇದಾರರು. ‘ಆಮೇಲೆ ಮದ್ದು ಮುಟ್ಟು.’

ಅವಳು ಚೆಲ್ಲಿದ್ದನ್ನು ಬಳಿದು ಡಬ್ಬಿಗೆ ಹಾಕಿದಳು, ನೀರು ಕುಡಿದಳು, ಕೂತಳು. ಸಂಜೆಯೊಳಗೆ ಒಂದು ಪೆಟ್ಟಿಗೆ ತುಂಬ ತೋಟಾ ತಯಾರಾಯಿತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು, ಮಕ್ಕಳಿಗೆ ಹೇಳಿದಳು, ಕೇಳುವವರು ಮುಗಿದ ಮೇಲೆ ನಾಯಿಗೂ ಹೇಳಿದಳು.

ಮರುದಿನ ಪೂಜೆ ಮುಗಿಯುತ್ತಲೇ ಓಡಿಬಂದಳು. ಸುಬೇದಾರರು ಕುಪ್ಯವೆಂಬ ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆಯ ಪಟ್ಟಿ ಬಿಗಿದು, ಹೂ ಸಿಕ್ಕಿಸಿದ ಕೋವಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಇಷ್ಟು ವರ್ಷ ಇಲ್ಲದ ಗತ್ತು ಅವರ ಮುಖದಲ್ಲಿ ಕಂಡು ದೇಚಮ್ಮನಿಗೆ ಕಣ್ಣು ತುಂಬಿಬಂತು. ತೋಟಾ ತರಲು ಒಳಗೆ ಹೋದಳು.

ಪೆಟ್ಟಿಗೆ ಎತ್ತಿಕೊಂಡವಳ ಕಣ್ಣು ತಕ್ಕಡಿಯ ಮೇಲೆ ಬಿತ್ತು. ತಟ್ಟೆ ಖಾಲಿ ಇತ್ತು, ಆದರೂ ಮುಳ್ಳು ನಡುವೆ ನಿಲ್ಲದೆ ತೂಕ ಕಡಿಮೆ ತೋರುವ ಕಡೆಗೆ ಓರೆಯಾಗಿತ್ತು.

ಬಗ್ಗಿ ನೋಡಿದಳು. ತಕ್ಕಡಿಯ ಒಂದು ಕಾಲಿನ ಕೆಳಗೆ, ನಿನ್ನೆ ಚೆಲ್ಲಿದವುಗಳಲ್ಲಿ ಉಳಿದುಹೋದ ಹಳೆಯ ಕೇಪೊಂದು ಸಿಕ್ಕಿಕೊಂಡು ತಕ್ಕಡಿ ವಾಲಿತ್ತು.

ಅದು ಅಲ್ಲಿಗೆ ಸೇರಿದ್ದು ಯಾವಾಗ? ಶುರು ಮಾಡುವಾಗ ಮುಳ್ಳು ಸರಿಯಿತ್ತು, ಅದು ಚೆನ್ನಾಗಿ ನೆನಪಿತ್ತು. ತಕ್ಕಡಿ ಸರಿದು ತುಂಬುತ್ತಿದ್ದಾಗಲೇ ಸೇರಿದ್ದರೆ, ಮುಳ್ಳು ನಡುವೆ ನಿಂತಿದ್ದರೂ ಕೆಲವು ತೋಟಾಗಳಿಗೆ ಮದ್ದು ಹೆಚ್ಚಾಗಿರುತ್ತದೆ. ಕೊನೆಗೆ ಸೇರಿದ್ದರೆ ಎಲ್ಲವೂ ಸರಿ. ಕೊನೆಗೇ ಇರಬೇಕು, ಖಂಡಿತ ಕೊನೆಗೇ, ಎಂದು ಅವಳ ಆಸೆ ಕಿವಿಯಲ್ಲಿ ಊದಿತು. ಕೇಪನ್ನು ಕಿತ್ತು ಎಸೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಕೇಪನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಳು.

‘ಮಾವ, ಇದು ತಕ್ಕಡಿ ಕಾಲಿನ ಕೆಳಗಿತ್ತು. ಕೆಲವಕ್ಕೆ ಮದ್ದು ಹೆಚ್ಚಾಗಿರಬಹುದು.’

‘ಯಾವುದಕ್ಕೆ?’

‘ಗೊತ್ತಿಲ್ಲ.’

ತೋಟಾಗಳನ್ನೇ ಒಂದೊಂದಾಗಿ ತೂಗಿ, ಭಾರವಾದದ್ದನ್ನು ತೆಗೆದಿಟ್ಟರೆ ಹೇಗೆ ಎಂದು ಕೇಳಿದಳು. ಸುಬೇದಾರರು ಎರಡು ಖಾಲಿ ಚಿಪ್ಪು ತಂದು ಅವಳ ಕೈಗೆ ಹಾಕಿದರು. ಅವಳು ಒಳಗೆ ಮೇಜಿಗೆ ಮರಳಿ, ತಕ್ಕಡಿ ನೆಟ್ಟಗೆ ಮಾಡಿ ತೂಗಿದಳು. ಅವೆರಡರ ನಡುವಿನ ವ್ಯತ್ಯಾಸವೇ ತಕ್ಕಡಿ ವಾಲಿ ಹೆಚ್ಚಾಗಬಹುದಾದ ಮದ್ದಿಗಿಂತ ಜಾಸ್ತಿ ಇತ್ತು. ಹೊರಗಿನಿಂದ ತೂಗಿ ಒಳಗಿನದನ್ನು ಹಿಡಿಯುವ ದಾರಿ ಇರಲಿಲ್ಲ.

‘ಎಲ್ಲವನ್ನೂ ಬಿಚ್ಚಬೇಕು,’ ಅಂದಳು.

‘ಮೈದಾನದಲ್ಲಿ ಕಾಯ್ತಾ ಇದ್ದಾರೆ.’

‘ಕಾಯ್ಲಿ ಮಾವ. ನೀವು ಆ ಕಡೆ ಕೂತ್ಕೊಳ್ಳಿ.’

ಗುರುವಿಗೆ ಅಪ್ಪಣೆ ಕೊಟ್ಟೆನಲ್ಲ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಸುಬೇದಾರರು ಆ ಕಡೆ ಹೋಗಿ ಕೂತಾಗಿತ್ತು.

ತೋಟಾ ಬಿಚ್ಚಲೆಂದೇ ಟೊಳ್ಳು ತಲೆಯ ಸುತ್ತಿಗೆಯೊಂದಿತ್ತು. ಅವಳು ಅದರೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದಳು. ಗುಂಡು ಕಳಚಿತು. ಮದ್ದನ್ನು ತಟ್ಟೆಗೆ ಸುರಿದು ತೂಗಿದಳು. ಸರಿಯಿತ್ತು. ಇನ್ನೊಂದು ಬಡಿದಳು. ಅದೂ ಸರಿಯಿತ್ತು.

ಮೈದಾನದಿಂದ ಕರೆಯಲು ಬಂದವರು ಈ ಬಡಿತ ಕಂಡು ತಬ್ಬಿಬ್ಬಾದರು. ಹಬ್ಬದ ದಿನ ಇದೆಂಥ ಕೆಲಸ, ಒಂದು ಒಳ್ಳೆಯದನ್ನು ಆರಿಸಿಕೊಂಡು ಬನ್ನಿ ಅಂದರು. ನೀವು ಶುರು ಮಾಡಿ ಎಂದು ಸುಬೇದಾರರು ಅವರನ್ನು ಕಳಿಸಿಕೊಟ್ಟರು.

ಸ್ವಲ್ಪ ಹೊತ್ತಿಗೆ ಮೈದಾನದಲ್ಲಿ ಮೊದಲ ಗುಂಡು ಹಾರಿತು. ಬೇರೆ ಯಾರೋ ಹೊಡೆದಿದ್ದರು.

ದೇಚಮ್ಮನ ಕೈ ನಿಂತಿತು. ಸುಬೇದಾರರು ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ, ಅವಳ ಸುತ್ತಿಗೆಯನ್ನೇ ನೋಡುತ್ತಿದ್ದರು. ಅವಳು ಮತ್ತೆ ಬಡಿದಳು. ಅಲ್ಲಿ ಗುಂಡಿನ ಮೇಲೆ ಗುಂಡು, ಕೊನೆಗೆ ದೊಡ್ಡ ಕೇಕೆ. ಕಾಯಿ ಒಡೆದಿತ್ತು, ಪಂದ್ಯ ಮುಗಿದಿತ್ತು.

ಅವಳ ಪೆಟ್ಟಿಗೆಯೂ ಮುಗಿಯಿತು. ಕಟ್ಟಕಡೆಯದೂ ಸರಿಯಾಗಿಯೇ ಇತ್ತು. ಕೇಪು ತಕ್ಕಡಿಯ ಕೆಳಗೆ ಸೇರಿದ್ದು ಎಲ್ಲ ತುಂಬಿ ಮುಗಿದ ಮೇಲೆ.

ದೇಚಮ್ಮ ಮೇಜಿಗೆ ತಲೆಯಿಟ್ಟು ಅತ್ತಳು.

‘ಒಂದರಲ್ಲೂ ತಪ್ಪಿರಲಿಲ್ಲ ಮಾವ. ಸುಮ್ಮನೆ ಬಿಚ್ಚಿದೆ. ಇಷ್ಟು ವರ್ಷದ ಮೇಲೆ ಹೊಡೀತೀನಿ ಅಂದ್ರಿ, ಅದನ್ನೂ ತಪ್ಪಿಸಿದೆ.’

ಸುಬೇದಾರರು ಎದ್ದರು. ಅಡುಗೆಮನೆಯಿಂದ ಒಂದು ತೆಂಗಿನಕಾಯಿ ಹಿಡಿದುಕೊಂಡು ಹೊಳೆಯ ಪಕ್ಕದ ಎತ್ತರದ ಮಣ್ಣುಗೋಡೆಯವರೆಗೆ ನಡೆದುಹೋದರು. ಅದರ ಬುಡದಲ್ಲಿ ಕಾಯಿ ಇಟ್ಟು ವಾಪಸು ಬಂದರು.

‘ಒಂದು ತುಂಬು,’ ಅಂದರು.

ಅವಳು ದಡಬಡಿಸಿ ಎದ್ದು ಕಣ್ಣೊರೆಸಿಕೊಂಡಳು. ತಕ್ಕಡಿಯ ಕಾಲುಗಳ ಕೆಳಗೆ ಬೆರಳಾಡಿಸಿದಳು. ಕೇಪು ಕೂರಿಸಿದಳು, ಮದ್ದು ತೂಗಿ ಸುರಿದಳು, ಗುಂಡು ಒತ್ತಿದಳು. ಖಾಲಿ ತಟ್ಟೆಯಿಟ್ಟು ಮುಳ್ಳನ್ನು ಇನ್ನೊಮ್ಮೆ ನೋಡಿದಳು. ಇಷ್ಟಾದರೂ ಕೆಮ್ಮು ಕೇಳಿಸಲಿಲ್ಲವಲ್ಲ ಎಂದು ತಿರುಗಿದರೆ, ಸುಬೇದಾರರು ಅಂಗಳದಲ್ಲಿ ಅವಳಿಗೆ ಬೆನ್ನು ಹಾಕಿ ನಿಂತು ಹೊಳೆ ನೋಡುತ್ತಿದ್ದರು.

ತೋಟಾ ತಂದು ಅವರ ಮುಂದೆ ಹಿಡಿದಳು. ಅವರು ಕೋವಿಯ ಬಾಯಿಂದ ಹೂ ತೆಗೆದು ಅವಳ ಕೈಯಲ್ಲಿಟ್ಟು, ತೋಟಾ ಎತ್ತಿಕೊಂಡರು. ಬೋಲ್ಟು ನೆಟ್ಟಗೆ ಹಿಂದಕ್ಕೆ ಹೋಯಿತು, ತೋಟಾ ಒಳಗೆ ಕೂತಿತು, ಬೋಲ್ಟು ನೆಟ್ಟಗೆ ಮುಂದಕ್ಕೆ ಬಂತು.

ದೇಚಮ್ಮ ಹೂವನ್ನು ಎದೆಗೆ ಒತ್ತಿಕೊಂಡಳು. ಖುಷಿಯೋ ಭಯವೋ ಅವಳಿಗೇ ತಿಳಿಯಲಿಲ್ಲ.

‘ಮಾವ, ನಾನು ತುಂಬಿದ್ದನ್ನ ನೀವು ನೋಡ್ಲೇ ಇಲ್ಲ.’

ಸುಬೇದಾರರು ಕೋವಿಯನ್ನು ಹೆಗಲಿಗೆ ಒತ್ತಿ ಕೆನ್ನೆ ತಾಗಿಸಿದರು.

‘ನೋಡಿ ಆಯ್ತು,’ ಅಂದರು. ‘ಕಿವಿ ಮುಚ್ಕೋ ದೇಚು.’